ಕೊಂಬಿಲ್ಲದ ಬೇಸ್ ಗಿಟಾರ್ ಕೊಂಡ ಕಥೆ

ಬೇಸ್ ಎಂದರೆ ಬ್ಯಾಂಡಿನಲ್ಲಿ ಕೆಳಗಿನ ಸ್ವರಗಳನ್ನು ನುಡಿಸುವ, ದಪ್ಪ ತಂತಿಯ ಗಿಟಾರ್. ಮೊದಲ ಬೇಸ್ ಗಿಟಾರ್ ತೆಗೆದುಕೊಂಡಾಗ ಅದನ್ನು ಸರಿಯಾಗಿ ನುಡಿಸಿಯೂ ನೋಡಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ಹುಡುಗ ಸೆಕೆಂಡ್ ಹ್ಯಾಂಡ್ ಮಾರುತ್ತಿದ್ದ. ಕಪ್ಪು ಬಣ್ಣ, ವಿ ಆಕಾರ, ಎರಡು ಕಡೆ ಬಾಣದ ಮೊನೆಯ ಹಾಗೆ ಚೂಪು. ಗೋಡೆಗೆ ಒರಗಿಸಿದ್ದನ್ನು ನೋಡಿದ್ದೇ ತಡ, ದುಡ್ಡು ಎಣಿಸಿ ಕೊಟ್ಟೆ.

ಮಡಿಕೇರಿ ಬಸ್ಸಿನಲ್ಲೇ ಗೊತ್ತಾಗಬೇಕಿತ್ತು. ಮೇಲಿನ ಕ್ಯಾರಿಯರ್‌ನಲ್ಲಿ ಅದು ಹಿಡಿಸಲಿಲ್ಲ. ಸುಂಟಿಕೊಪ್ಪದ ತಿರುವುಗಳಲ್ಲಿ ಮಗು ಹಿಡಿದುಕೊಂಡ ಹಾಗೆ ತಬ್ಬಿಕೊಂಡು ಕೂತಿದ್ದೆ. ಮನೆಗೆ ಬಂದು ಚೀಲ ಬಿಚ್ಚಿದಾಗ ಅಜ್ಜ ಒಂದೇ ಮಾತು ಹೇಳಿದರು. "ಒಡಿಕತ್ತಿ ಪಕ್ಕ ಗೋಡೆಗೆ ನೇತು ಹಾಕು, ಜೋಡಿ ಆಗ್ತದೆ."

ನಮ್ಮ ಪ್ರ್ಯಾಕ್ಟೀಸ್ ನಡೆಯುತ್ತಿದ್ದದ್ದು ಡ್ರಮ್ಮರ್ ಅಣ್ಣನ ತೋಟದ ಕಾಫಿ ಗೋದಾಮಿನಲ್ಲಿ. ಕುರ್ಚಿ ಇಲ್ಲ, ಕಾಫಿ ಮೂಟೆಗಳ ಮೇಲೆ ಕೂರಬೇಕು. ಸಾಮಾನ್ಯ ಗಿಟಾರಿಗೆ ಕೆಳಗೆ ಸೊಂಟದ ಹಾಗೆ ಒಂದು ಬಳುಕು ಇರುತ್ತದೆ ಅಲ್ವಾ, ಅದು ತೊಡೆಯ ಮೇಲೆ ಕೂರುತ್ತದೆ. ವಿ ಆಕಾರಕ್ಕೆ ಅದಿಲ್ಲ. ತೊಡೆಯಿಂದ ಜಾರುತ್ತಲೇ ಇತ್ತು. ಸರಿ, ನಿಂತೇ ನುಡಿಸೋಣ ಅಂದುಕೊಂಡೆ.

ನಿಂತರೆ ಇನ್ನೊಂದು ಕಾಟ. ಎಡಗೈ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ನೆಕ್, ಅಂದರೆ ಎಡಗೈ ಹಿಡಿಯುವ ಉದ್ದ ಕತ್ತು, ನೆಲ ನೋಡುತ್ತಿತ್ತು. ಎಡಗೈ ಅರ್ಧ ಹೊತ್ತು ನೆಕ್ ಹೊರುವುದಕ್ಕೇ ಖರ್ಚು. ಮೂರನೇ ಹಾಡಿಗೆ ಮಣಿಕಟ್ಟು ನೋಯುತ್ತಿತ್ತು. ಇದು ನನ್ನ ಕೈಯ ದೋಷ ಎಂದೇ ಬಹಳ ದಿನ ನಂಬಿದ್ದೆ.

ಒಂದು ದಿನ ಡ್ರಮ್ಮರ್ ಅಣ್ಣ ಕಡ್ಡಿ ಕೆಳಗಿಟ್ಟು, "ಎರಡೂ ಕೈ ಬಿಟ್ಟು ನಿಲ್ಲು ಮಾರಾಯ, ನೋಡುವ" ಎಂದರು. ಬಿಟ್ಟೆ. ನೆಕ್‌ನ ತಲೆ ಸೀದಾ ಮಂಡಿಯ ಹತ್ತಿರ ಹೋಯಿತು. "ಇದಕ್ಕೆ ಕೊಂಬೇ ಇಲ್ಲವಲ್ಲ, ಇನ್ನು ಹೇಗೆ ನಿಲ್ತದೆ?" ಅಂದರು.

ಅವರು ಹೇಳಿದ್ದು ಬಾಡಿಯ ಮೇಲ್ಭಾಗದಲ್ಲಿ ಮುಂದಕ್ಕೆ ಚಾಚಿಕೊಂಡಿರುವ ಕೊಂಬನ್ನು. ಸ್ಟ್ರ್ಯಾಪ್‌ನ ಗುಂಡಿ ಅದರ ತುದಿಯಲ್ಲಿ ಇರುತ್ತದೆ. ಆ ತುದಿ ಹೆಚ್ಚುಕಡಿಮೆ 12ನೇ ಫ್ರೆಟ್‌ವರೆಗೆ (ಫ್ರೆಟ್ ಎಂದರೆ ನೆಕ್ ಮೇಲಿನ ಲೋಹದ ಅಡ್ಡಗೆರೆ) ಬಂದರೆ ತೂಕ ಸಮವಾಗಿ ತೂಗುತ್ತದೆ. ಬೇಸ್‌ಗೆ ಇದು ಗಿಟಾರಿಗಿಂತ ಜಾಸ್ತಿ ಮುಖ್ಯ. ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಇಂಚು. ನೆಕ್ ಉದ್ದ, ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ದಪ್ಪ ಕಿವಿಗಳ ಭಾರ ಬೇರೆ. ನನ್ನದರಲ್ಲಿ ಗುಂಡಿ ಇದ್ದದ್ದು ನೆಕ್ ಬಾಡಿಗೆ ಸೇರುವ ಜಾಗದ ಹಿಂದೆ. ಅಲ್ಲಿಂದ ಮುಂದಿನ ಭಾರವೆಲ್ಲ ನನ್ನ ಎಡಗೈಗೆ. ನೈಲಾನ್ ಸ್ಟ್ರ್ಯಾಪ್ ತೆಗೆದು, ಒಳಬದಿ ಒರಟಾಗಿರುವ ಅಗಲ ಚರ್ಮದ್ದು ಹಾಕಿದೆ. ಅಂಗಿಯ ಮೇಲೆ ಜಾರುವುದು ನಿಂತಿತು, ಸ್ವಲ್ಪ ಗುಣ ಕಂಡಿತು. ಪೂರ್ತಿ ಅಲ್ಲ.

ಹಾಗಿದ್ದರೂ ಅದನ್ನು ಬಿಡಲಿಲ್ಲ. ಕನ್ನಡಿಯಲ್ಲಿ ಅಷ್ಟು ಚೆನ್ನಾಗಿ ಕಾಣುತ್ತಿತ್ತು!

ಬಿಡಿಸಿದ್ದು ಒಂದು ಮದುವೆ. ವೇದಿಕೆ ಚಿಕ್ಕದು. ಐದು ಜನ, ಡ್ರಮ್ ಸೆಟ್, ಕೀಬೋರ್ಡ್, ಸದ್ದು ಜೋರು ಮಾಡುವ ಎರಡು ಆಂಪ್ ಪೆಟ್ಟಿಗೆ. ನಾನು ಡ್ರಮ್ಮರ್‌ನ ಬಲಕ್ಕೆ, ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ ಆದ ಫ್ಲೋರ್ ಟಾಮ್ ಕಡೆ ನಿಂತಿದ್ದೆ. ಜನರ ಕಡೆ ಮುಖ ಮಾಡಿ ನಿಂತರೆ ಬಲಗೈಯವರ ಬೇಸ್‌ನ ನೆಕ್ ನಮ್ಮ ಎಡಕ್ಕೆ ಚಾಚಿರುತ್ತದೆ. ಅಂದರೆ ಅಲ್ಲಿ ನಿಂತರೆ ಸೀದಾ ಡ್ರಮ್ ಸೆಟ್ ಕಡೆಗೆ. ಎರಡನೇ ಹಾಡಿನಲ್ಲಿ ಖುಷಿಗೆ ಒಂದು ತಿರುವು ತಿರುಗಿದೆ. ನೆಕ್‌ನ ತಲೆ ಹೋಗಿ ಡ್ರಮ್ ಸೆಟ್ಟಿನ ಲೋಹದ ತಟ್ಟೆಗೆ, ಅಂದರೆ ಸಿಂಬಲ್‌ಗೆ ಬಡಿಯಿತು. ಬೆಚ್ಚಿ ಹಿಂದೆ ಸರಿದಾಗ ಬಾಡಿಯ ಚೂಪು ತುದಿ ಕೀಬೋರ್ಡ್ ಹುಡುಗನ ಮೈಕ್ ಸ್ಟ್ಯಾಂಡ್ ಬೀಳಿಸಿತು. ಜನ ಅದನ್ನೂ ಹಾಡಿನ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು. ಡ್ರಮ್ಮರ್ ಅಣ್ಣ ಪಂದಿ ಕರಿ, ಕಡಂಬುಟ್ಟಿನ ಊಟ ಎಲ್ಲ ಮುಗಿಯುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಮುಂದಿನ ವಾರ ನನ್ನನ್ನು ಅವರ ಎಡಕ್ಕೆ, ಜೋಡಿ ಸಿಂಬಲ್‌ಗಳ ಹೈ-ಹ್ಯಾಟ್ ಕಡೆ ನಿಲ್ಲಿಸಿದರು. ನೆಕ್ ಈಗ ಡ್ರಮ್‌ನಿಂದ ಆಚೆ ಕಡೆಗೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇತ್ತು. ಹೈ-ಹ್ಯಾಟ್ ಹತ್ತಿರದಿಂದ ಕೇಳುತ್ತದೆ. ಬಗ್ಗಿ ನೋಡಿದರೆ ಅವರ ಬಲಗಾಲು ಕಿಕ್ ಡ್ರಮ್ಮಿನ ಪೆಡಲ್ ಒತ್ತುವುದೂ ಕಾಣುತ್ತದೆ. ನನ್ನ ಸ್ವರ ಆ ಕಾಲಿನ ಜೊತೆಗೇ ಬೀಳಬೇಕು. ಒಂದು ಕೂದಲು ಮುಂದೆ ಬಿದ್ದರೂ ಹಾಡು ಓಡಿದ ಹಾಗೆ ಕೇಳುತ್ತದೆ. ಇಷ್ಟು ದಿನ ನೆಕ್ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ನಾನು ಆ ಕಾಲನ್ನೇ ನೋಡಿರಲಿಲ್ಲ.

ಆಮೇಲೆ ಹೊಸ ಬೇಸ್ ಹುಡುಕಲು ಶುರು ಮಾಡಿದೆ. ಈ ಸಾರಿ ಸ್ಟ್ರ್ಯಾಪ್ ಹಾಕಿ, ಕೈ ಬಿಟ್ಟು ನಿಂತು ನೋಡದೆ ಯಾವುದಕ್ಕೂ ಬೆಲೆ ಕೇಳಲಿಲ್ಲ. ಮೈಸೂರಿನ ಗೆಳೆಯನ ಹತ್ತಿರ ವಯಲಿನ್ ಆಕಾರದ್ದು ಒಂದಿತ್ತು. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಕಂಪನಿಯ ಬೇಸ್‌ನ ನಕಲು. ಅವರು ಎಡಗೈಯವರು. ಎರಡೂ ಬದಿ ಒಂದೇ ತರಹ ಇರುವುದರಿಂದ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣುವುದಿಲ್ಲ ಎಂದೇ ಅದನ್ನು ಆರಿಸಿದ್ದರಂತೆ. ಅಂಥವರೂ ನೋಟ ನೋಡಿದ್ದಾರೆ ಎಂದು ತಿಳಿದು ನನಗೆ ಸಮಾಧಾನವಾಯಿತು. ಹಗುರ, ತಂತಿ ಉದ್ದ 30 ಇಂಚು ಮಾತ್ರ, ಬೆರಳಿಗೆ ಸುಖ. ಆದರೆ ಒಳಗೆ ಟೊಳ್ಳು. ನಮ್ಮ ಚಿಕ್ಕ ವೇದಿಕೆಯಲ್ಲಿ ಆಂಪ್ ಪಕ್ಕದಲ್ಲೇ ನಿಲ್ಲಬೇಕು, ಜೋರು ಮಾಡಿದರೆ ಊಳಿಡಲು ಶುರು. ಬೇಡ ಅನಿಸಿತು.

ಕೊನೆಗೆ ಬಂದು ನಿಂತದ್ದು ಎಲ್ಲರೂ ನೋಡಿ ನೋಡಿ ಬೇಸತ್ತ ಆಕಾರಗಳಿಗೆ. ಫೆಂಡರ್ ಕಂಪನಿಯ ಎರಡು ಬೇಸ್ ಮಾದರಿಗಳು: ಪ್ರಿಸಿಶನ್ 1951ರದ್ದು, ಜ್ಯಾಝ್ 1960ರದ್ದು. ಎರಡಕ್ಕೂ ಉದ್ದ ಕೊಂಬು. ಜ್ಯಾಝ್‌ನ ಬಾಡಿ ಸ್ವಲ್ಪ ಓರೆ, ನೆಕ್ ಮೇಲ್ತುದಿಯಲ್ಲಿ ಕಿರಿದು. ನನ್ನ ಕೈ ಚಿಕ್ಕದು, ಹಾಗಾಗಿ ಜ್ಯಾಝ್ ಮಾದರಿಯದ್ದೇ ಒಂದು ಹಳೆಯದು ಕೊಂಡೆ. ಕಂದು ಬಣ್ಣ. ಸುಮ್ನೆ ಹೇಳುವುದಲ್ಲ, ಮೊದಲ ದಿನ ಕನ್ನಡಿ ಮುಂದೆ ನಿಂತು ಬೇಜಾರೇ ಆಯಿತು. ಬ್ಯಾಂಕ್ ಕ್ಲರ್ಕ್ ಹಾಗೆ ಕಾಣುತ್ತಿದ್ದೆ.

ಮಳೆಗಾಲದಲ್ಲಿ ಅದರ ಇನ್ನೊಂದು ಗುಣ ಗೊತ್ತಾಯಿತು. ಜೂನ್ ಬಂದರೆ ನಮ್ಮಲ್ಲಿ ಬೀರುವಿನೊಳಗೆ ಬಲ್ಬ್ ಉರಿಸುತ್ತೇವೆ, ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಎಂದು. ಹಳೇ ಕಾಲದ ಬಿಸಿಯಾಗುವ ಬಲ್ಬೇ ಬೇಕು, ಎಲ್‌ಇಡಿ ಉಪಯೋಗಕ್ಕಿಲ್ಲ. ಹೊಸ ಬೇಸ್ ಆ ಬೀರುವಿನ ಮೂಲೆಯಲ್ಲಿ, ಬಲ್ಬಿನಿಂದ ದೂರ, ನೆಟ್ಟಗೆ ನಿಲ್ಲುತ್ತದೆ. ವಿ ಆಕಾರದ್ದು ಹಿಡಿಸದೆ ಹೊರಗೇ ಉಳಿದು, ಎರಡು ಮಳೆಗಾಲದಲ್ಲಿ ತಂತಿಗೆಲ್ಲ ತುಕ್ಕು ಹಿಡಿಸಿಕೊಂಡಿತ್ತು.

ನಮ್ಮ ಕಡೆ ಮದುವೆಯಲ್ಲಿ ಬ್ಯಾಂಡ್ ಏನೇ ನುಡಿಸಲಿ, ಕೊನೆಗೆ ವಾಲಗದ ತಾಳ ಬರಲೇಬೇಕು. ಇಲ್ಲದಿದ್ದರೆ ಜನ ಮನೆಗೆ ಹೋಗುವುದಿಲ್ಲ. ಡ್ರಮ್ಮರ್ ಅಣ್ಣ ಅದನ್ನು ಫ್ಲೋರ್ ಟಾಮ್ ಮೇಲೆ ಹಿಡಿಯುತ್ತಾರೆ. ನನಗೆ ಎರಡೇ ಸ್ವರ, ಇಪ್ಪತ್ತು ನಿಮಿಷ. ಮೊದಲೆಲ್ಲ ಐದು ನಿಮಿಷಕ್ಕೆ ಕೈ ಸೋಲುತ್ತಿತ್ತು. ಈಗ ಕೈ ಹಗುರ, ಕಣ್ಣು ಅವರ ಮೇಲೆ. ಅವರು ಭುಜ ಕುಣಿಸಿದರೆ ನಾನು ಒಂದು ಏಟು ಬಿಡುತ್ತೇನೆ, ಕುಣಿಯುವವರ ಕೈ ಗಾಳಿಯಲ್ಲೇ ನಿಲ್ಲುತ್ತದೆ, ಮತ್ತೆ ಒಟ್ಟಿಗೆ ಬೀಳುತ್ತೇವೆ. ಆ ಒಂದು ಏಟು ಬಿಡುವುದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

ಕಪ್ಪು ಬೇಸ್ ಮಾರಿಲ್ಲ. ಅಜ್ಜ ಹೇಳಿದ ಜಾಗದಲ್ಲೇ ಇದೆ. ದೊಡ್ಡ ವೇದಿಕೆ ಸಿಕ್ಕಿದಾಗ ಒಂದು ಹಾಡಿಗೆ ಮಾತ್ರ ಕೆಳಗಿಳಿಸುತ್ತೇನೆ. ಹೋದ ಸಾರಿ ಚೀಲ ಬಿಚ್ಚುವುದನ್ನು ನೋಡಿ ಡ್ರಮ್ಮರ್ ಅಣ್ಣ ಏನೂ ಹೇಳಲಿಲ್ಲ. ಎದ್ದು ಬಂದು, ಸಿಂಬಲ್ ಸ್ಟ್ಯಾಂಡನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡರು.