ಗಾಡಿ ಮಂಡ್ಯದಲ್ಲಿ, ನಾವು ಸಯ್ಯಾಜಿರಾವ್ ರಸ್ತೆಯಲ್ಲಿ: ಜಂಬೂಸವಾರಿ ನೋಡಿದ ನನ್ನ ಅನುಭವ

2025ರ ಅಕ್ಟೋಬರ್ 2ರ ವಿಜಯದಶಮಿಯಂದು ತುಮಕೂರಿನ ಕ್ಯಾತ್ಸಂದ್ರದ ನಮ್ಮ ಬೀದಿಯ ಹದಿನಾಲ್ಕು ಜನ ಮೈಸೂರಿಗೆ ಹೋಗಿ, ಅಂಬಾರಿಯನ್ನು ಇಪ್ಪತ್ತು ಅಡಿ ದೂರದಿಂದ ಕಣ್ತುಂಬ ನೋಡಿ, ಅದೇ ರಾತ್ರಿ ಮನೆಗೆ ಮರಳಿದೆವು. ನಮ್ಮ ಬಳಿ ಪಾಸು ಇರಲಿಲ್ಲ, ಕೂತು ನೋಡಲೆಂದು ಮಾರುವ ದುಬಾರಿ ಗೋಲ್ಡ್ ಕಾರ್ಡ್ ಇರಲಿಲ್ಲ, ಪರಿಚಯದ ಪೊಲೀಸರೂ ಇರಲಿಲ್ಲ. ತಲೆಗೆ ಬಿದ್ದ ಖರ್ಚು ಒಂಬೈನೂರು ರೂಪಾಯಿಯ ಒಳಗೇ ಮುಗಿಯಿತು. ಗಾಡಿಯನ್ನು ಮಂಡ್ಯದಲ್ಲಿ ಬಿಟ್ಟು ರೈಲು ಹತ್ತುತ್ತೇನೆಂದು ನಾನು ಹೇಳಿದಾಗ ನಕ್ಕವರಲ್ಲಿ ನನ್ನ ಬಾಮೈದನೇ ಮೊದಲಿಗ. "ಭಾವ, ಬಾಡಿಗೆ ಕೊಟ್ಟು ಗಾಡಿ ಹಿಡಿದು ಅರ್ಧ ದಾರಿಯಲ್ಲಿ ಇಳಿಯುವವರನ್ನು ನಾನು ಇವತ್ತೇ ನೋಡಿದ್ದು" ಎಂದಿದ್ದ. ಅವನಿಗಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ ಎಂದರೂ ತಪ್ಪಿಲ್ಲ.

ಮೊದಲು ಕೈಸುಟ್ಟುಕೊಂಡ ಕಥೆಗಳನ್ನು ಹೇಳಿಬಿಡುತ್ತೇನೆ. 2018ರಲ್ಲಿ ಸ್ವಂತ ಕಾರಿನಲ್ಲಿ ಕುಣಿಗಲ್, ಹುಲಿಯೂರುದುರ್ಗ, ಮದ್ದೂರಿನ ದಾರಿಯಾಗಿ ಹೊರಟೆವು. ಆಯುಧಪೂಜೆಯ ಆಯಾಸದಲ್ಲಿ ಮನೆ ಬಿಟ್ಟಾಗಲೇ ಒಂಬತ್ತೂವರೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ವಾಹನಗಳು ಇರುವೆಯಂತೆ ಸಾಗತೊಡಗಿದವು, ಊರೊಳಗಿನ ರಸ್ತೆಗಳಿಗೆ ಅಡ್ಡಗಟ್ಟೆ ಬಿದ್ದಿತ್ತು, ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಾ ಒಂದೂವರೆ ಗಂಟೆ ಸುತ್ತಿದೆವು. ಕೊನೆಗೆ ನಡೆದು ಮೆರವಣಿಗೆಯ ರಸ್ತೆಗೆ ಬಂದಾಗ ಅರ್ಜುನ ಆನೆ ಅಂಬಾರಿ ಹೊತ್ತು ಮುಂದೆ ಹೋಗಿಯಾಗಿತ್ತು. ನಮಗೆ ಕಂಡಿದ್ದು ಅಶ್ವಾರೋಹಿ ದಳದ ಕೊನೆಯ ನಾಲ್ಕು ಕುದುರೆಗಳು ಮತ್ತು ಅವು ಬಿಟ್ಟುಹೋದ ಲದ್ದಿ. ಆಗ ಆರು ವರ್ಷದವನಾಗಿದ್ದ ಮಗ ಊರಿಗೆ ಬಂದು ತಾನು ದಸರಾ ಕುದುರೆ ನೋಡಿದೆನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

2020 ಮತ್ತು 2021ರಲ್ಲಿ ಕೊರೊನಾದಿಂದಾಗಿ ಸವಾರಿ ಅರಮನೆಯ ಅಂಗಳ ಬಿಟ್ಟು ಹೊರಬರಲಿಲ್ಲ. 2022ರಲ್ಲಿ ಮತ್ತೆ ಬನ್ನಿಮಂಟಪದವರೆಗೆ ಹೊರಟಿತೆಂಬ ಉತ್ಸಾಹದಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ಪರಿಚಯದವರ ಪರಿಚಯದ ದಲ್ಲಾಳಿಯೊಬ್ಬರಿಂದ ಎರಡು ಪಾಸುಗಳನ್ನು ತಲಾ ಮೂರು ಸಾವಿರದಂತೆ ಕೊಂಡೆ. ಬಾಗಿಲಲ್ಲಿ ತೋರಿಸಿದರೆ ಅವು ಬೇರೆ ಯಾವುದೋ ಕಾರ್ಯಕ್ರಮದ ಪಾಸುಗಳು. ಆ ಮನುಷ್ಯನ ಫೋನು ಅಂದಿನಿಂದ ಇಂದಿನವರೆಗೂ ಸ್ವಿಚ್ ಆಫ್. ಕೆ.ಆರ್. ವೃತ್ತದ ಗುಂಪಿನಲ್ಲಿ ಬೆರಳ ತುದಿಯ ಮೇಲೆ ನಿಂತ ನನಗೆ ಅಂಬಾರಿಯ ಕಳಶ ಮಾತ್ರ ಕಂಡಿತು, ನನ್ನ ಹೆಂಡತಿಗೆ ಮುಂದೆ ನಿಂತಿದ್ದವರ ಬೆನ್ನು ಮಾತ್ರ. 750 ಕಿಲೋ ತೂಕದ ಅಂಬಾರಿಯಲ್ಲಿ ಒಂದು ಗೇಣನ್ನು ನೋಡಲು ಆರು ಸಾವಿರ ಕೊಟ್ಟವನು ನಾನು.

2023ರಲ್ಲಿ ಹಿಂದಿನ ದಿನವೇ ಹೋಗಿ ವಸತಿಗೃಹದಲ್ಲಿ ತಂಗುವುದೇ ಸರಿಯೆಂದು ಎಲ್ಲರೂ ಹೇಳಿದರು. ಮಾಮೂಲು ದಿನಗಳಲ್ಲಿ ಸಾವಿರದ ಇನ್ನೂರಕ್ಕೆ ಸಿಗುವ ಕೋಣೆಗೆ ಸುಮಾರು ನಾಲ್ಕು ಸಾವಿರ ತೆತ್ತೆವು. ಬೆಳಗ್ಗೆ ಹತ್ತೂವರೆಗೇ ಸಯ್ಯಾಜಿರಾವ್ ರಸ್ತೆಯಲ್ಲಿ ಹಗ್ಗದ ಪಕ್ಕ ಜಾಗ ಹಿಡಿದಾಗ ಈ ಬಾರಿ ಗೆದ್ದೆವೆಂದೇ ನನಗನ್ನಿಸಿತ್ತು. ಆದರೆ ನಾವು ಕೂತಿದ್ದು ರಸ್ತೆಯ ಪೂರ್ವದ ಬದಿಯಲ್ಲಿ. ಮಧ್ಯಾಹ್ನ ತಿರುಗಿದ ಮೇಲೆ ಬಿಸಿಲು ನೇರವಾಗಿ ಮುಖಕ್ಕೆ ಬಡಿಯತೊಡಗಿತು, ಕೊಡೆ ಬಿಚ್ಚಿದರೆ ಹಿಂದಿನವರು ಸುಮ್ಮನಿರಲಿಲ್ಲ. ಮೂರೂವರೆಯ ಹೊತ್ತಿಗೆ ನಮ್ಮ ಅತ್ತೆಯವರಿಗೆ ತಲೆಸುತ್ತು ಬಂದು ಅವರನ್ನು ಎತ್ತಿಕೊಂಡೇ ಹೊರಬರಬೇಕಾಯಿತು. ಐದು ಜನರಿಗೆ ಹತ್ತೊಂಬತ್ತು ಸಾವಿರ ಖರ್ಚಾಗಿ ಆ ವರ್ಷವೂ ಅಂಬಾರಿ ಕಾಣಲಿಲ್ಲ. ಮನೆಯಲ್ಲಿ ದೂರದರ್ಶನದ ಮುಂದೆ ಕಡಲೆಪುರಿ ತಿನ್ನುತ್ತಾ ಕೂತಿದ್ದ ನನ್ನ ಅಮ್ಮ ಪುಷ್ಪಾರ್ಚನೆಯಿಂದ ಹಿಡಿದು ಆ ವರ್ಷ ಅಂಬಾರಿ ಹೊತ್ತ ಅಭಿಮನ್ಯು ಆನೆಯ ಹಣೆಯ ಚಿತ್ತಾರದವರೆಗೆ ಎಲ್ಲವನ್ನೂ ನೋಡಿ, ನಮಗೇ ವರ್ಣಿಸಿ ಹೇಳಿದರು.

ಆ ರಾತ್ರಿಯೇ ನಾನು ಮೈಸೂರಿನ ನಕ್ಷೆಯನ್ನು ಬಿಡಿಸಿಕೊಂಡು ಕೂತೆ. ಸವಾರಿಯ ದಾರಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್; ಜನ ಮುಗಿಬೀಳುವುದು ಅರಮನೆ ಮತ್ತು ಕೆ.ಆರ್. ವೃತ್ತದ ನಡುವೆ. ರೈಲು ನಿಲ್ದಾಣ ಸಯ್ಯಾಜಿರಾವ್ ರಸ್ತೆಯ ಪಶ್ಚಿಮಕ್ಕಿದೆ. ನಿಲ್ದಾಣದಿಂದ ಇರ್ವಿನ್ ರಸ್ತೆ ಹಿಡಿದು ಒಂದು ಕಿಲೋಮೀಟರಿನಷ್ಟು ನಡೆದರೆ ಆಯುರ್ವೇದ ವೃತ್ತಕ್ಕೆ ಬರುತ್ತೇವೆ, ಅಂದರೆ ಮೆರವಣಿಗೆಯ ರಸ್ತೆಯ ಪಶ್ಚಿಮದ ಬದಿಗೇ ಬಂದು ಮುಟ್ಟುತ್ತೇವೆ. ಮಧ್ಯಾಹ್ನದ ನಂತರ ಕಟ್ಟಡಗಳ ನೆರಳು ಬೀಳುವುದೂ ಅದೇ ಬದಿಗೆ, ಸವಾರಿ ಮುಗಿದ ಮೇಲೆ ರಸ್ತೆ ದಾಟದೆ ನಿಲ್ದಾಣಕ್ಕೆ ಮರಳಬಹುದಾದದ್ದೂ ಅದೇ ಬದಿಯಿಂದ. ಮೂರು ವರ್ಷ ದುಡ್ಡು ಸುರಿದರೂ ನನಗೆ ಇದು ಹೊಳೆದಿರಲಿಲ್ಲ. ಉಳಿದಿದ್ದು ಗಾಡಿಯ ಪ್ರಶ್ನೆ. ನನ್ನ ಷಡ್ಡಕರ ಮನೆ ಮಂಡ್ಯದಲ್ಲಿ ನಿಲ್ದಾಣಕ್ಕೆ ಹತ್ತಿರದಲ್ಲೇ ಇದೆ, ಅವರ ಅಂಗಳದಲ್ಲಿ ಟೆಂಪೋ ಟ್ರಾವೆಲರ್ ಧಾರಾಳವಾಗಿ ನಿಲ್ಲುತ್ತದೆ.

2024ರಲ್ಲಿ ಇದನ್ನು ಪರೀಕ್ಷಿಸಲು ಐವರೇ ಹೋದೆವು. ಆ ವರ್ಷ ತುಮಕೂರಿನಲ್ಲಿಯೇ ಜಿಲ್ಲಾಡಳಿತದ ದಸರಾ ನಡೆದಿದ್ದರಿಂದ ನಗುವವರಿಗೆ ಇನ್ನೊಂದು ಕಾರಣ ಸಿಕ್ಕಿತ್ತು: ಮನೆ ಬಾಗಿಲಿಗೆ ಆನೆ ಬಂದಿರುವಾಗ ಮೈಸೂರೇಕೆ ಎಂದು. ಹೋಗುವುದು, ಕೂರುವುದು, ನೋಡುವುದು ಎಲ್ಲವೂ ಎಣಿಸಿದಂತೆಯೇ ಆಯಿತು. ಎಡವಿದ್ದು ಮರಳುವಾಗ. ಅಂಬಾರಿ ದಾಟಿದ ತಕ್ಷಣ ನಿಲ್ದಾಣಕ್ಕೆ ಓಡಿದೆವು, ನಮ್ಮಂತೆ ಓಡಿ ಬಂದವರು ಸಾವಿರಾರು. ಎರಡು ರೈಲುಗಳ ಬಾಗಿಲನ್ನು ಮುಟ್ಟಲೂ ಆಗಲಿಲ್ಲ.

ಆದ್ದರಿಂದ 2025ರ ಯೋಜನೆಯಲ್ಲಿ ಮರಳುವ ಹೊತ್ತನ್ನು ಮೊದಲು ನಿರ್ಧರಿಸಿ, ಹೊರಡುವ ಹೊತ್ತನ್ನು ಆಮೇಲೆ ಗೊತ್ತುಮಾಡಿದೆ. ತಲೆಗೆ ಸಾವಿರದಂತೆ ಹದಿನಾಲ್ಕು ಸಾವಿರ ಸಂಗ್ರಹಿಸಿದೆ. ಗಾಂಧಿ ಜಯಂತಿಯೂ ಅದೇ ದಿನ ಬಿದ್ದು ಒಂದು ರಜೆ ಹಾಳಾಯಿತೆಂದು ಕೆಲಸದಲ್ಲಿರುವವರೆಲ್ಲ ಗೊಣಗುತ್ತಿದ್ದರು. ವಿಜಯದಶಮಿಯಂದು ಚಾಲಕರು ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ದುಬಾರಿ. ಆದರೆ ಮೈಸೂರಿನೊಳಗೆ ಬರಬೇಕಾಗಿಲ್ಲ, ಇಡೀ ದಿನ ಮಂಡ್ಯದಲ್ಲಿ ಮಲಗಿರಬಹುದು ಎಂದ ಕೂಡಲೇ ಚಾಲಕ ಬಾಡಿಗೆಯಲ್ಲಿ ಎರಡು ಸಾವಿರ ಇಳಿಸಿದ. ಭತ್ಯೆಯೂ ಸೇರಿ ಒಂಬತ್ತೂವರೆ ಸಾವಿರಕ್ಕೆ ಒಪ್ಪಂದವಾಯಿತು. ಹಿಂದಿನ ದಿನದ ಪೂಜೆಗೆ ಕಟ್ಟಿದ್ದ ಬಾಳೆಕಂದುಗಳನ್ನು ಮಾತ್ರ ಬಿಚ್ಚಲು ಅವನು ಒಪ್ಪಲಿಲ್ಲ. ಬೆಳಗ್ಗೆ ಆರಕ್ಕೆ ಹೊರಟ ನಾವು ಎಂಟೂವರೆಗೆ ಮಂಡ್ಯ ಸೇರಿದಾಗ ಕಂದುಗಳಲ್ಲಿ ದಿಂಡು ಮಾತ್ರ ಉಳಿದಿತ್ತು, ಎಲೆಗಳೆಲ್ಲ ಗಾಳಿಗೆ ಸೀಳಿ ದಾರವಾಗಿದ್ದವು. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿ ಎಂದು ಹಿಂದಿನ ಸೀಟಿನಿಂದ ಕೂಗು ಬಂದಿತ್ತು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ಇಳಿದರೆ ಮುಕ್ಕಾಲು ಗಂಟೆ ಹೋಯಿತೆಂದೇ ಲೆಕ್ಕ.

ಷಡ್ಡಕರ ಮನೆಯಲ್ಲಿ ಉಪ್ಪಿಟ್ಟು ತಿಂದು ರೈಲು ಹತ್ತಿ, ಹತ್ತೂವರೆಯ ಸುಮಾರಿಗೆ ಮೈಸೂರಿನಲ್ಲಿ ಇಳಿದೆವು. ನಿಲ್ದಾಣದಲ್ಲಿಯೇ ಎಲ್ಲರೂ ಶೌಚ ಮುಗಿಸಿಕೊಳ್ಳಬೇಕೆಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಹೆಂಗಸರು ಈ ಭಯದಿಂದಲೇ ಇಡೀ ದಿನ ನೀರು ಕುಡಿಯದೆ ಕೂರುತ್ತಾರೆ, ನಮ್ಮ ಅತ್ತೆಯವರ ತಲೆಸುತ್ತಿಗೆ ಬಿಸಿಲಿನಷ್ಟೇ ಅದೂ ಕಾರಣವಾಗಿತ್ತು. ಮಕ್ಕಳ ಮುಂಗೈ ಮೇಲೆ ಫೋನ್ ಸಂಖ್ಯೆ ಬರೆದೆವು. ಮಧ್ಯಾಹ್ನದ ಮೇಲೆ ಜನಸಂದಣಿಯಲ್ಲಿ ಫೋನು ತಾಗುವುದೇ ಇಲ್ಲವಾದ್ದರಿಂದ, ತಪ್ಪಿಸಿಕೊಂಡವರು ಬಂದು ನಿಲ್ಲಬೇಕಾದ ಒಂದು ಜಾಗವನ್ನೂ ತೋರಿಸಿದೆವು.

ನಾವು ಕೂತ ಜಾಗ ಆಯುರ್ವೇದ ವೃತ್ತದಿಂದ ಉತ್ತರಕ್ಕಿದೆ ಎಂಬಷ್ಟನ್ನು ಹೇಳುತ್ತೇನೆ. ಅಲ್ಲಿ ಒಂದು ಅಂಗಡಿಯ ಜಗುಲಿ ಪಾದಚಾರಿ ದಾರಿಗಿಂತ ಎರಡು ಅಡಿ ಎತ್ತರದಲ್ಲಿದೆ. ಅದು ಯಾವ ಅಂಗಡಿಯೆಂದು ಬರೆದರೆ ಮುಂದಿನ ವರ್ಷ ನನಗೇ ಜಾಗ ಇರುವುದಿಲ್ಲ. ಹನ್ನೊಂದಕ್ಕೆ ಎರಡು ಚಾಪೆ ಹಾಸಿ ಹದಿನಾಲ್ಕು ಜನರಿಗೆ ಜಾಗ ಕಾದಿರಿಸಿದ ಉಪಾಯವೂ ನನ್ನ ಬಳಿಯೇ ಇರಲಿ.

ಕಾಯುವ ಹೊತ್ತಿನಲ್ಲಿ ನನ್ನ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ರಟ್ಟಿನ ಉದ್ದನೆಯ ಡಬ್ಬಕ್ಕೆ ಎರಡು ಕನ್ನಡಿಗಳನ್ನು ಓರೆಯಾಗಿ ಕೂರಿಸಿ, ಗುಂಪಿನ ತಲೆಯ ಮೇಲಿಂದ ನೋಡುವ ಸಾಧನವೊಂದನ್ನು ಮಗನಿಗಾಗಿ ಮಾಡಿದ್ದೆ. ಸ್ತಬ್ಧಚಿತ್ರಗಳು ಬರುವವರೆಗೂ ಅದು ಚೆನ್ನಾಗಿಯೇ ಕೆಲಸ ಮಾಡಿತು, ಆಮೇಲೆ ಅಕ್ಕಪಕ್ಕದ ಮಕ್ಕಳೆಲ್ಲ ಸರದಿಯಲ್ಲಿ ನಿಂತು ಎಳೆದಾಡಿ ಕೆಳಗಿನ ಕನ್ನಡಿಯನ್ನು ಬೀಳಿಸಿದರು. ಮಡಚುವ ಸ್ಟೂಲುಗಳನ್ನು ಪೊಲೀಸರು ಮಡಚಿಸಿಯೇ ಬಿಟ್ಟರು. ಫಲಿಸಿದ ಪ್ರಯೋಗ ಬೇರೆಯೇ ಇದೆ: ದಸರೆಗೆ ಎರಡು ವಾರ ಮುಂಚೆ ಒಂದು ಬೆಳಗ್ಗೆ ಅಮ್ಮನನ್ನು ತಾಲೀಮು ನೋಡಲು ಕರೆದೊಯ್ದಿದ್ದೆ. ಅರಮನೆಯಿಂದ ಬನ್ನಿಮಂಟಪದ ಕಡೆಗೆ ಆನೆಗಳು ಸಾಲಾಗಿ ನಡೆದುಹೋಗುತ್ತವೆ, ಗುಂಪಿರುವುದಿಲ್ಲ, ದುಡ್ಡೂ ಇಲ್ಲ. ನಡೆಯಲಾಗದ ವಯಸ್ಸಾದವರಿದ್ದರೆ ವಿಜಯದಶಮಿಯ ದಿನವನ್ನು ಮರೆತು ತಾಲೀಮಿಗೇ ಕರೆದೊಯ್ಯುವುದು ಲೇಸು. ಅಭಿಮನ್ಯು ಹತ್ತು ಅಡಿ ದೂರದಲ್ಲಿ ಹಾದುಹೋದಾಗ ಅಮ್ಮ, "ಟಿವಿಯಲ್ಲಿ ಇಷ್ಟು ದೊಡ್ಡದಾಗಿ ಕಾಣೋದಿಲ್ಲ ಕಣೋ" ಎಂದರು.

ಮಧ್ಯಾಹ್ನ ಒಂದರ ಸುಮಾರಿಗೆ ಅರಮನೆಯಲ್ಲಿ ನಂದಿಧ್ವಜ ಪೂಜೆ ಮುಗಿದ ಮೇಲೆ ಕಲಾತಂಡಗಳೂ ಜಿಲ್ಲೆಗಳ ಸ್ತಬ್ಧಚಿತ್ರಗಳೂ ಬರತೊಡಗಿದವು. ಅವನ್ನು ನೋಡುತ್ತಲೇ ಪುಳಿಯೋಗರೆ, ಕೋಸಂಬರಿ ಖಾಲಿಯಾದವು. ಐದರ ಆಸುಪಾಸು ಕುಶಾಲತೋಪು ಹಾರಿದ ಸದ್ದು ನಮ್ಮವರೆಗೂ ಕೇಳಿಸಿ, ಕೂತಿದ್ದವರೆಲ್ಲ ಒಮ್ಮೆಗೇ ಎದ್ದರು. ಅಭಿಮನ್ಯು ನಮ್ಮೆದುರಿಗೆ ಬಂದಾಗ ಬೆಳಕು ಇಳಿಯುತ್ತಿತ್ತು, ಬೀದಿಯ ದೀಪಾಲಂಕಾರ ಹೊತ್ತಿಕೊಂಡಿತ್ತು. ಎಡಬಲಗಳಲ್ಲಿ ಜೊತೆಗೆ ಸಾಗುವ ಕಾವೇರಿ ಮತ್ತು ರೂಪಾ ಎಂಬ ಕುಮ್ಕಿ ಆನೆಗಳಿದ್ದವು. ಜನರ ಕೂಗು ಮುಗಿಲು ಮುಟ್ಟಿದ್ದರೂ ಅಷ್ಟು ದೊಡ್ಡ ಆನೆಯ ಹೆಜ್ಜೆಗೆ ಮಾತ್ರ ಸದ್ದೇ ಇರಲಿಲ್ಲ. ಹೆಜ್ಜೆ ಹೆಜ್ಜೆಗೂ ಅಂಬಾರಿ ಒಂದು ಬೆರಳಿನಷ್ಟು ಆಚೆಗೆ ವಾಲಿ ಮತ್ತೆ ಈಚೆಗೆ ಬರುತ್ತಿತ್ತು. ನಮ್ಮ ಅತ್ತೆಯವರು ಚಪ್ಪಲಿ ಬಿಟ್ಟು, ಜಗುಲಿಯ ಮೇಲೆ ನಿಂತು, ತಾಯಿ ಚಾಮುಂಡೇಶ್ವರಿಗೆ ಕೈಮುಗಿದರು. ಎಲ್ಲ ಸೇರಿ ಒಂದೂವರೆ ನಿಮಿಷವಿದ್ದಿರಬಹುದು.

ಆಮೇಲೆ ಒಬ್ಬರನ್ನೂ ಓಡಲು ಬಿಡಲಿಲ್ಲ. ಒಂದು ಪಾಲು ಜನ ಪಂಜಿನ ಕವಾಯತಿಗೆಂದು ಬನ್ನಿಮಂಟಪದ ಕಡೆಗೆ, ಇನ್ನೊಂದು ಪಾಲು ರೈಲಿಗೆ ನುಗ್ಗಿದರು. ನಾವು ಅದೇ ಜಗುಲಿಯ ಮೇಲೆ ಮುಕ್ಕಾಲು ಗಂಟೆ ಕೂತು, ನಿಧಾನವಾಗಿ ನಡೆದು ದೀಪದ ಅರಮನೆಯನ್ನು ಹೊರಗಿನಿಂದಲೇ ನೋಡಿ, ದೋಸೆ ತಿಂದು ಹತ್ತರ ಮೇಲೆ ರೈಲು ಹತ್ತಿದೆವು. ಹದಿನಾಲ್ಕು ಜನರಲ್ಲಿ ಹತ್ತು ಜನಕ್ಕೆ ಕೂರಲು ಜಾಗವೂ ಸಿಕ್ಕಿತು.

ಲೆಕ್ಕ ಹೀಗಿದೆ: ಗಾಡಿಗೆ ಒಂಬತ್ತೂವರೆ ಸಾವಿರ, ಎರಡು ಕಡೆಯ ರೈಲಿಗೆ ಎಂಟುನೂರ ಚಿಲ್ಲರೆ, ಮನೆಯಿಂದ ಒಯ್ದ ಊಟಕ್ಕೆ, ನೀರಿಗೆ ಮತ್ತು ರಾತ್ರಿಯ ದೋಸೆಗೆ ಸಾವಿರದ ಒಂಬೈನೂರರಷ್ಟು. 2025ರಲ್ಲಿ ಗೋಲ್ಡ್ ಕಾರ್ಡ್ ಒಂದರ ಬೆಲೆ 6,500 ರೂಪಾಯಿ ಇತ್ತು. ಎರಡು ಕಾರ್ಡು ಕೊಳ್ಳುವ ದುಡ್ಡಿನಲ್ಲಿ ಇಡೀ ಬೀದಿ ಹೋಗಿಬಂದಿತು. ಮಿಕ್ಕ ಸಾವಿರದ ಎಂಟುನೂರರಷ್ಟು ಹಣವನ್ನು ಹಂಚಲು ಹೋದರೆ ಯಾರೂ ತೆಗೆದುಕೊಳ್ಳಲಿಲ್ಲ, ಮುಂದಿನ ವರ್ಷದ ಮುಂಗಡವಾಗಿ ಇಟ್ಟುಕೊಳ್ಳಿ ಎಂದರು. ಬಾಮೈದ ಹೋದ ವಾರ ಬಂದು ತನ್ನ ಮನೆಯವರಿಗೆಂದು ನಾಲ್ಕು ಸಾವಿರ ಕೊಟ್ಟು ಹೋಗಿದ್ದಾನೆ. ಜಗುಲಿ ಯಾವುದೆಂದು ಕೇಳಿದ, ಅವನಿಗೂ ಹೇಳಲಿಲ್ಲ.