100 ಸಿಸಿಯಲ್ಲಿ ಡಬಲ್ಸ್ ಮುಳ್ಳಯ್ಯನಗಿರಿ: ಒಂದು ಹಲ್ಲು ಕಮ್ಮಿ ಮಾಡಿದ ಕಥೆ

ನಾಲ್ಕು ಗೇರಿನ ಹಳೇ 100 ಸಿಸಿ ಬೈಕಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ಹಾಫ್ ಕ್ಲಚ್ (ಕ್ಲಚ್ ಅರ್ಧ ಒತ್ತಿಕೊಂಡೇ ಓಡಿಸುವುದು) ಹಿಡಿಯದೆ ಮುಳ್ಳಯ್ಯನಗಿರಿ ಹತ್ತಿಸಿದ್ದೇನೆ. ಕಡೂರಿನಲ್ಲಿ ಇದನ್ನು ಒಬ್ಬರೂ ನಂಬಿರಲಿಲ್ಲ. 'ಅಣ್ಣಾ, ಇದು ಸಂತೆಗೆ ಹೋಗೋ ಗಾಡಿ' ಅಂದಿದ್ದ ಮೆಕ್ಯಾನಿಕ್. ಬುಲೆಟ್ ಇಟ್ಟಿರುವ ಗೆಳೆಯ ಸುಮ್ನೆ ನಕ್ಕು ಪಂದ್ಯ ಕಟ್ಟಿದ್ದ. ಈಗ ಇಬ್ಬರೂ ಹೇಗೆ ಅಂತ ಕೇಳುತ್ತಿದ್ದಾರೆ.

ಚಿಕ್ಕಮಗಳೂರು ಬಿಟ್ಟ ಮೇಲೆ ಸುಮಾರು 20 ಕಿಲೋಮೀಟರಿನಲ್ಲಿ ಎಂಟುನೂರು ಮೀಟರಿಗೂ ಜಾಸ್ತಿ ಏರಬೇಕು. ಓಡುತ್ತಿದ್ದರೆ ಪರವಾಗಿಲ್ಲ. ತಿರುವಿನಲ್ಲಿ ಎದುರಿಗೆ ಜೀಪ್ ಬಂದು ನಿಲ್ಲಬೇಕಾಯಿತೋ, ಕಥೆ ಮುಗಿಯಿತು. ಫಸ್ಟ್ ಗೇರಿನಲ್ಲೂ ಎಳೆಯುತ್ತಿರಲಿಲ್ಲ. ಮೊದಲ ಸಲ ಹಾಗೇ ಹಾಫ್ ಕ್ಲಚ್‌ನಲ್ಲಿ ಒದ್ದಾಡಿ ಕ್ಲಚ್ ಪ್ಲೇಟ್ ಸುಟ್ಟಿತು. ಪ್ಲೇಟು, ಆಯಿಲ್, ಕೂಲಿ ಸೇರಿ ಸಾವಿರದ ಮುನ್ನೂರೋ ನಾನೂರೋ ಹೋಯಿತು. ಮನೆಯಾಕೆ ಕೊನೆಯ ಏರು ನಡೆದೇ ಬಂದಳು. ಆ ಬೈಗುಳಕ್ಕೆ ಬಿಲ್ ಇಲ್ಲ.

ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ದುಬಾರಿ ಪೆಟ್ರೋಲ್ ಹಾಕಿದೆ, ಏನೂ ಆಗಲಿಲ್ಲ. ಇರಿಡಿಯಂ ಪ್ಲಗ್‌ಗೆ ಆರುನೂರರ ಹತ್ತಿರ ಕೊಟ್ಟೆ. ಬೆಳಿಗ್ಗೆ ಬೇಗ ಸ್ಟಾರ್ಟ್ ಆಯಿತು, ಅಷ್ಟೇ. ತೂಕ ಇಳಿಸೋಣ ಅಂತ ಲೆಗ್ ಗಾರ್ಡ್, ಸೀರೆ ಗಾರ್ಡ್ ಎರಡೂ ಬಿಚ್ಚಿದೆ. ಮನೆಯ ತಕ್ಕಡಿಯಲ್ಲಿ ನಾಲ್ಕು ಕೇಜಿ ಆಸುಪಾಸು ಬಂತು. ಅದೇ ವಾರ ನಾನೇ ಅಷ್ಟು ದಪ್ಪ ಆಗಿದ್ದೆ ಅನ್ನಿ! ಸೀರೆ ಗಾರ್ಡ್ ಇಲ್ಲದೆ ಹಿಂದೆ ಯಾರನ್ನೂ ಕೂರಿಸಬಾರದು, ವಾಪಸ್ ಹಾಕಿದೆ.

ಕೊನೆಗೆ ಕೆಲಸ ಮಾಡಿದ್ದು ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ತಿರುಗಿಸುವ ಹಲ್ಲಿನ ಚಕ್ರ. 14 ಹಲ್ಲಿನದು ತೆಗೆದು 13ರದು ಹಾಕಿದೆ. ಹಲ್ಲು ಕಮ್ಮಿಯಾದರೆ ಸ್ಪೀಡ್ ಕಮ್ಮಿ, ಎಳೆತ ಜಾಸ್ತಿ. ಇನ್ನೂರು ರೂಪಾಯಿ ಒಳಗೇ ಮುಗಿಯಿತು. ಹಿಂದಿನದು ದೊಡ್ಡದು ಹಾಕಲು ಹೋದರೆ ಚೈನ್ ಸಾಲುವುದಿಲ್ಲ. ಮುಂದೆ ಒಂದು ಹಲ್ಲು ಕಮ್ಮಿ ಮಾಡಿದರೆ ಅದೇ ಚೈನ್, ಹಿಂದಿನ ಚಕ್ರ ಸ್ವಲ್ಪ ಎಳೆದು ಬಿಗಿ ಮಾಡಿದರೆ ಸಾಕು. ನನ್ನದರಲ್ಲಿ ಮೀಟರ್ ಕೇಬಲ್ ಮುಂದಿನ ಚಕ್ರದ್ದು, ಹಾಗಾಗಿ ಸ್ಪೀಡ್ ತಪ್ಪು ತೋರಿಸುವ ತಲೆನೋವೂ ಇಲ್ಲ.

ಅರ್ಧ ಕೆಲಸ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್‌ದು. ಮೇಲೆ ಗಾಳಿ ತೆಳು, ಗಾಡಿ ಪೆಟ್ರೋಲ್ ಕುಡಿದು ಕೆಮ್ಮುತ್ತದೆ. ಅದಕ್ಕೆ ಮೇನ್ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತಿನ ಬಿಡಿಭಾಗ) ಒಂದು ಸೈಜ್ ಚಿಕ್ಕದು ಹಾಕಿದೆ. ನಂಬರ್ ಹೇಳುವುದಿಲ್ಲ, ಗಾಳಿ ಹೊಂದಿಸುವ ಏರ್ ಸ್ಕ್ರೂ ಎಷ್ಟು ಸುತ್ತು ಅಂತಲೂ ಹೇಳುವುದಿಲ್ಲ. ಮೂರ್ನಾಲ್ಕು ಜೆಟ್ ತಂದು ಬೆರಳು ಸುಟ್ಟುಕೊಂಡು ಕಲಿತದ್ದು, ನೀವೂ ಸ್ವಲ್ಪ ಸುಟ್ಟುಕೊಳ್ಳಿ. ಇಷ್ಟು ಮಾತ್ರ ನೆನಪಿಡಿ: ಕಡೂರಿನ ಬಿಸಿಲಲ್ಲಿ ಆ ಜೆಟ್ ಬೇಡ, ಎಂಜಿನ್ ಕಾಯುತ್ತದೆ. ನಾನು ಚಿಕ್ಕಮಗಳೂರಿನಲ್ಲಿ ನೆಂಟರ ಮನೆ ಅಂಗಳದಲ್ಲಿ ಬದಲಾಯಿಸಿ, ಇಳಿದ ಮೇಲೆ ಹಳೆಯದನ್ನೇ ಹಾಕುತ್ತೇನೆ.

ಹೋಗಿದ್ದು ಯುಗಾದಿ ಆಸುಪಾಸು, ಹೂಮಳೆ ಬಿದ್ದ ಮುಂದಿನ ವಾರ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಮೂರ್ನಾಲ್ಕು ದಿನದಲ್ಲಿ ಬಾಡುತ್ತದೆ. ತೋಟದವರಿಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಹೆಲ್ಮೆಟ್ ಗಾಜು ಎತ್ತಿದರೆ ಮಲ್ಲಿಗೆಯಂಥ ವಾಸನೆ, ಎರಡೂ ಕಡೆ ಗಿಡವೆಲ್ಲ ಬೆಳ್ಳಗೆ. ಆದರೆ ಕಣ್ಣು ರಸ್ತೆ ಮೇಲಿರಲಿ. ಸಿಲ್ವರ್ ಓಕ್ ತರಗೆಲೆ ನೆನೆದಿದ್ದರೆ ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ತೋಟ ಮುಗಿದು ಬೋಳು ಗುಡ್ಡ ಶುರುವಾದಲ್ಲಿ ಗಾಳಿ ಪಕ್ಕದಿಂದ ತಳ್ಳುತ್ತದೆ. ಅಲ್ಲಿ ಸೆಕೆಂಡ್ ಗೇರ್, ಹದಿನೆಂಟು-ಇಪ್ಪತ್ತರ ಸ್ಪೀಡ್. ಜೀಪ್ ಬಂದು ನಿಲ್ಲಿಸಿದ ಕಡೆಯೂ ಫಸ್ಟ್‌ನಲ್ಲಿ ಸಲೀಸಾಗಿ ಎದ್ದಿತು. ಮನೆಯಾಕೆ ಇಳಿಯಲಿಲ್ಲ, ಅದು ಮುಖ್ಯ ಅಲ್ವಾ?

ಇಳಿಯುವಾಗ ಇನ್ನೂ ಲಾಭ. ಎಂಜಿನ್ನೇ ಹಿಡಿದುಕೊಳ್ಳುವುದರಿಂದ ಡ್ರಮ್ ಬ್ರೇಕ್ ಕಾಯುವುದು ಕಮ್ಮಿ. ನಷ್ಟವೂ ಇದೆ. ಬಯಲಿನಲ್ಲಿ 65 ಕೊಡುತ್ತಿದ್ದ ಮೈಲೇಜ್ 58-60ಕ್ಕೆ ಇಳಿಯಿತು, 60ರ ಮೇಲೆ ಎಂಜಿನ್ ಕಿರುಚುತ್ತದೆ. ಚೈನೂ ಬೇಗ ಸವೆಯುತ್ತಿದೆ, ಈ ಮಳೆಗಾಲ ಕಳೆದರೆ ಹೊಸ ಸೆಟ್ ಹಾಕಿಸಬೇಕು. ಬುಲೆಟ್ ಗೆಳೆಯನನ್ನೇ ಸ್ವಲ್ಪ ಕೇಳಬೇಕು, ಪಂದ್ಯದ ದುಡ್ಡು ಇನ್ನೂ ಕೊಟ್ಟಿಲ್ಲ.