ಮಿಲಾದ್, ಗಣಪತಿ ವಿಸರ್ಜನೆ ಒಂದೇ ದಿನ ಬಂದಾಗ ನಾವೇನ್ ಮಾಡಿದ್ವಿ

ನಾನು ಕಲಬುರಗಿಯ ಒಂದು ಮಸೀದಿ ಕಮಿಟಿಯಾಗ ಅದೀನಿ, ಹಬ್ಬ ಬಂತಂದ್ರ ಠಾಣೆಯಾಗ ಶಾಂತಿ ಸಭಾಕ್ಕ ಕರೀತಾರ. ಚಾ, ಬಿಸ್ಕಿಟ್, ಭಾಷಣ, ಫೋಟೋ. ಖರೇ ಕೆಲಸ ಓಣಿಗೆ ಬಂದ ಮ್ಯಾಲೇ ಶುರು. 2023ರಾಗ ಸೆಪ್ಟೆಂಬರ್ 28ಕ್ಕ ಮಿಲಾದೂ ಗಣಪತಿ ಬಿಡೋ ಅನಂತ ಚತುರ್ದಶಿನೂ ಕೂಡೇ ಬಂದ್ವು. ನಮ್ಮ ಮಿಲಾದ್ ಜುಲೂಸ್ (ಮೆರವಣಿಗಿ) ಒಂದಿನ ಮುಂದ ಹಾಕೋಣು ಅಂದ್ರ ಹುಡುಗ್ರು ಸಿಟ್ಟಿಗೆದ್ರು, "ಚಾಚಾ, ಪ್ರತಿ ಸಲ ನಾವೇ ಯಾಕ ಬಗ್ಗಬೇಕು?"

ಹಿಂದೂ-ಮುಸ್ಲಿಂ ಕೂಡಿ ಮಾಡೋ ಬಂದೇನವಾಜ್ ಉರ್ಸು, ಬೀದರ್ ಕಡೆ ಅಷ್ಟೂರ ಜಾತ್ರಿ, ಭಾಯಿಚಾರಾ ಎಲ್ಲಾ ಖರೇನೇ, ಆದ್ರ ಸಿಟ್ಟಿನಾಗಿದ್ದ ಹುಡುಗನ ತಲಿಗೆ ಅದು ಹತ್ತಂಗಿಲ್ಲ. ನಾನು ಹುದೈಬಿಯಾ ಒಪ್ಪಂದ ತೆಗದೆ. 628ರಾಗ ಪೈಗಂಬರರು ಉಮ್ರಾಕ್ಕ (ಮಕ್ಕಾ ಯಾತ್ರಿಗೆ) ಹೊಂಟಾಗ ಮಕ್ಕಾದ ಕುರೈಶ್ ಕುಲದವ್ರು ತಡದ್ರು, ಒಪ್ಪಂದದಾಗ "ಅಲ್ಲಾಹನ ರಸೂಲ್" (ದೂತ) ಅಂತ ಬರದದ್ದಕ್ಕ ಕುರೈಶರ ಕಡಿಂದ ಬಂದ ಸುಹೈಲ್ ತಕರಾರು ಮಾಡಿದ, ಅಳಸಾಕ ಅದನ್ನ ಬರದಿದ್ದ ಅಲಿ ಒಲ್ಲೆ ಅಂದ್ರು, ಪೈಗಂಬರರು ತಾವೇ ಅಳಸಿ "ಅಬ್ದುಲ್ಲಾನ ಮಗ ಮುಹಮ್ಮದ್" ಅಂತ ಬರಸಿದ್ರು. ಪೈಗಂಬರರ ಜೊತೆಗಾರ ಉಮರ್ ಅವ್ರಿಗೂ ಇದು ಸೇರಲಿಲ್ಲ. ಆ ವರ್ಷ ಹಂಗೇ ತಿರುಗಿ ಬಂದು ಮರುವರ್ಷ ಹೋದ್ರು, ಕುರಾನಿನಾಗ ಅದಕ್ಕ ಗೆಲುವು ಅಂತ ಅಂದಾದ. "ಅವರ ಉಮ್ರಾ ಒಂದ್ ವರ್ಷ ಮುಂದ ಹೋಯ್ತು, ನಿಂದು ಡಿಜೆ ಒಂದಿನ ಹೋಗಲ್ಲೇನಪಾ?" ಅಂದೆ. ನಕ್ರು. ನಕ್ರಂದ್ರ ಅರ್ಧ ಕೆಲಸ ಆಯ್ತು.

ಆದ್ರ ಸುಲಹ್ (ರಾಜಿ) ಅಂದ್ರ ಒಂದೇ ಕಡಿಯಿಂದ ಬಗ್ಗೋದಲ್ಲ. ಗಣೇಶ ಮಂಡಳಿ ಹುಡುಗನ ಹತ್ರ ಹೋಗಿ, ಇಶಾ (ರಾತ್ರಿ) ನಮಾಜಿನ ಹೊತ್ತಿಗೆ ಮಸೀದಿ ಮುಂದ ಲೈಟ್ ಕಂಬದಿಂದ ಪಾನ್ ಡಬ್ಬಿ ತನಕ ಬ್ಯಾಂಡ್ ನಿಲ್ಲಸ್ರಿ, ಅಷ್ಟೇ ಸಾಕು ಅಂದೆ. ಅಂವ "ಅಣ್ಣಾರ, ಟೈಮ್ ಬರದು ಕೊಡ್ರಿ, ಇಲ್ಲಂದ್ರ ನಾವು ಬಂದಾಗೆಲ್ಲ ನಮಾಜೇ ಇರ್ತದ" ಅಂದ. ನ್ಯಾಯದ ಮಾತು. ಜಮಾತ್ (ಸಾಮೂಹಿಕ ನಮಾಜ್) ಶುರು ಆಗೋದು, ಮುಗಿಯೋದು ಎರಡೂ ಚೀಟಿಯಾಗ ಬರದು ಕೊಟ್ಟೆ, ಅಂವ ಫೋಟೋ ಹೊಡದು ತನ್ನ ಗ್ರೂಪಿಗೆ ಹಾಕಿದ.

ನಮ್ಮ ಡಿಜೆ ಪೆನ್‌ಡ್ರೈವ್ ಮಾತ್ರ ಮೊದಲ ನಾನೇ ಕೇಳ್ತೀನಿ, ಯಾಕಂದ್ರ ಬ್ಯಾರೆಯವರ ದೇವರಿಗೆ ಬೈಬ್ಯಾಡ್ರಿ ಅಂತ ಕುರಾನಿನ ಸೂರಾ (ಅಧ್ಯಾಯ) ಅನ್ಆಮ್ 108ರಾಗ ನೇರ ಅದ.

ವಿಸರ್ಜನೆ ರಾತ್ರಿ ಒಂದು ವಿಡಿಯೋ ಬಂತು, ನಮ್ಮ ಊರಾಗೇ ಕಲ್ಲು ಬಿದ್ದಾವಂತ. ಸುದ್ದಿ ಬಂದ್ರ ಮೊದಲ ಖಾತ್ರಿ ಮಾಡ್ಕೋರಿ ಅಂತ ಕುರಾನಿನ ಸೂರಾ ಹುಜುರಾತ್‌ನ 6ನೇ ಆಯತ್ (ವಾಕ್ಯ) ಅದಲ್ಲ, ಅದನ್ನೇ ಹೇಳಿ ವಿಡಿಯೋ ನಿಲ್ಲಸಿ ಅಂಗಡಿ ಬೋರ್ಡು ತೋರಿಸಿದೆ, ಕನ್ನಡನೂ ಇಲ್ಲ ಉರ್ದುನೂ ಇಲ್ಲ, ಅಂದ್ರ ನಮ್ಮ ಊರಿಂದಲ್ಲ. ಹುಡುಗ ಡಿಲೀಟ್ ಮಾಡಿದ, ಆದ್ರ ಅಷ್ಟ್ರಾಗ ಅದು ಇನ್ನೊಂದು ನಾಲ್ಕು ಗ್ರೂಪಿಗೆ ಹೋಗಿತ್ತು, ಒಬ್ಬೊಬ್ಬರಿಗೇ ಫೋನ್ ಹಚ್ಚಿ ತೆಗಸೋದ್ರಾಗ ಫಜರ್ (ಬೆಳಗಿನ ನಮಾಜ್) ಹೊತ್ತಾಯ್ತು.